ಗುರುಮನೆಯಿಂದ ಪರದೆಯವರೆಗೆ: ಕೊಳಲು ಪಾಠದ ಚರಿತ್ರೆ

ವೀಣೆಗೆ 24 ಮೆಟ್ಟಿಲುಗಳಿವೆ, ಹಾರ್ಮೋನಿಯಮ್ಮಿಗೆ ಮನೆಗಳಿವೆ. ಕೊಳಲಿಗೆ ಇರುವುದು ಬಿದಿರಿನ ಮೇಲೆ ಕೊರೆದ ಕೆಲವು ರಂಧ್ರಗಳು ಮಾತ್ರ. ಕರ್ನಾಟಕ ಸಂಗೀತದ ಕೊಳಲಿನಲ್ಲಿ ಊದುವ ರಂಧ್ರ ಒಂದು, ಬೆರಳಿನ ರಂಧ್ರಗಳು ಎಂಟು. ಹಿಂದೂಸ್ತಾನಿ ಬಾನ್ಸುರಿಯಲ್ಲಿ ಬೆರಳಿನ ರಂಧ್ರಗಳು ಆರು ಅಥವಾ ಏಳು. ಹನ್ನೆರಡು ಸ್ವರಸ್ಥಾನಗಳು ಮೂಡಬೇಕಾದರೆ ರಂಧ್ರವನ್ನು ಅರ್ಧ ಮುಚ್ಚಬೇಕು, ಕಾಲುಭಾಗ ತೆರೆಯಬೇಕು, ಬೆರಳನ್ನು ಜಾರಿಸಬೇಕು. ಬೆರಳುಗಳು ಅಲುಗದಿದ್ದರೂ ಕೊಳಲನ್ನು ತುಟಿಯ ಕಡೆಗೆ ಚೂರು ತಿರುಗಿಸಿದರೆ ಸ್ವರ ಇಳಿಯುತ್ತದೆ, ಹೊರಕ್ಕೆ ತಿರುಗಿಸಿದರೆ ಏರುತ್ತದೆ. ಉಸಿರಿನ ಒತ್ತಡ ಬದಲಾದರೂ ಹಾಗೆಯೇ. ತಾನು ಊದುತ್ತಿರುವುದು ಶ್ರುತಿಗೆ ಸೇರಿದೆಯೇ ಎಂಬುದು ಹೊಸ ಕಲಿಕೆಯವರಿಗೆ ತಿಳಿಯುವುದಿಲ್ಲ. ಪಕ್ಕದಲ್ಲಿ ಕುಳಿತ ಇನ್ನೊಂದು ಕಿವಿ ಅದನ್ನು ಕೇಳಿ ತಿದ್ದಬೇಕು. ಕೊಳಲು ಪಾಠದ ಚರಿತ್ರೆ ಎಂದರೆ ಬಹುಮಟ್ಟಿಗೆ ಈ ತಿದ್ದುವ ಕಿವಿಯ ಚರಿತ್ರೆ. ಗುರುಮನೆ, ಶಾಲೆ, ಪುಸ್ತಕ, ಬಾನುಲಿ, ಕ್ಯಾಸೆಟ್ಟು, ಅಂತರ್ಜಾಲ ಇವೆಲ್ಲವೂ ಪಾಠವನ್ನು ಶಿಷ್ಯನಿಗೆ ಮುಟ್ಟಿಸಿವೆ. ಆದರೆ ಶಿಷ್ಯನ ಊದುವಿಕೆಯನ್ನು ಗುರುವಿಗೆ ಮುಟ್ಟಿಸಿ, ಗುರುವಿನ ತಿದ್ದುಪಡಿಯನ್ನು ಮರಳಿ ತಂದವು ಕೆಲವು ಮಾತ್ರ.

ಶಾಸ್ತ್ರಗ್ರಂಥಗಳಲ್ಲಿ ಕೊಳಲು

ಭರತನ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಕೊಳಲನ್ನು ಸುಷಿರ ವಾದ್ಯಗಳಲ್ಲಿ ಇರಿಸುತ್ತದೆ. ಅಲ್ಲಿ ಅದರ ಹೆಸರು ವಂಶ. ಅದು ರಂಗದ ಹಿನ್ನೆಲೆಯಲ್ಲಿ ವೀಣೆಗೂ ಹಾಡಿಗೂ ಜೊತೆಗೂಡುವ ವಾದ್ಯ. ರಂಧ್ರವನ್ನು ಪೂರ್ತಿ ತೆರೆಯುವುದು, ಅರ್ಧ ತೆರೆಯುವುದು, ಬೆರಳನ್ನು ಕಂಪಿಸುವುದು ಎಂಬ ಭೇದಗಳಿಂದ ಸ್ವರದ ಶ್ರುತಿ ಬದಲಾಗುತ್ತದೆ ಎಂಬುದನ್ನು ಆ ಗ್ರಂಥವೇ ಗುರುತಿಸಿದೆ.

ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ಅರಸ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತ ರತ್ನಾಕರವನ್ನು ಬರೆದನು. ಸೇವುಣರ ಆಳ್ವಿಕೆ ಉತ್ತರ ಕರ್ನಾಟಕದ ಮೇಲೂ ಇತ್ತು. ಶಾರ್ಙ್ಗದೇವನು ತನ್ನ ಗ್ರಂಥದ ವಾದ್ಯಾಧ್ಯಾಯದಲ್ಲಿ ಊದುವ ರಂಧ್ರಕ್ಕೂ ಅದರ ಮುಂದಿನ ರಂಧ್ರಕ್ಕೂ ಇರುವ ಅಂತರವನ್ನು ಅಂಗುಲಗಳಲ್ಲಿ ಅಳೆದು, ಏಕವೀರ, ಉಮಾಪತಿ, ತ್ರಿಪುರುಷ, ಚತುರ್ಮುಖ ಎಂದು ಕೊಳಲುಗಳಿಗೆ ಒಂದೊಂದಾಗಿ ಹೆಸರು ಕೊಡುತ್ತಾನೆ. ಬಿದಿರಲ್ಲದೆ ದಂತ, ಚಂದನ, ಲೋಹಗಳಿಂದಲೂ ಕೊಳಲು ಮಾಡಬಹುದೆನ್ನುತ್ತಾನೆ. ಪಾಠದ ದೃಷ್ಟಿಯಿಂದ ಮುಖ್ಯವಾದ ಭಾಗ ಫೂತ್ಕಾರ, ಎಂದರೆ ಊದುವಿಕೆಯ ಗುಣದೋಷಗಳ ವಿವೇಚನೆ. ನಾದ ಸ್ನಿಗ್ಧವಾಗಿರಬೇಕು, ಘನವಾಗಿರಬೇಕು, ಮೂರು ಸ್ಥಾಯಿಗಳಲ್ಲೂ ನಿಲ್ಲಬೇಕು, ಮಧುರವಾಗಿರಬೇಕು. ನಾದ ತೆಳುವಾಗುವುದು, ತಡವರಿಸುವುದು ದೋಷ. ಊದುವಿಕೆಯನ್ನು ಕೇಳಿ ಒರೆಗೆ ಹಚ್ಚುವ ಕ್ರಮವೊಂದು ಆಗಲೇ ಬೆಳೆದಿತ್ತೆಂಬುದಕ್ಕೆ ಈ ಪಟ್ಟಿಯೇ ಸಾಕ್ಷಿ.

ಅದೇ ಶತಮಾನದಲ್ಲಿ ಹೊಯ್ಸಳರ ನಾಡಿನಲ್ಲಿ ಕೊಳಲು ಕಲ್ಲಿನಲ್ಲಿ ಮೂಡಿತು. ಆಗ ಪ್ರತಿಷ್ಠೆಯಾದ ಸೋಮನಾಥಪುರದ ತ್ರಿಕೂಟ ದೇವಾಲಯದ ಮೂರು ಗರ್ಭಗುಡಿಗಳಲ್ಲಿ ಒಂದು ವೇಣುಗೋಪಾಲನದು. ಕೊಳಲನ್ನು ಬಲಕ್ಕೆ ಚಾಚಿ, ತಲೆಯನ್ನು ತುಸು ವಾಲಿಸಿ ನಿಂತ ಭಂಗಿ ಕನ್ನಡ ನಾಡಿನ ಗುಡಿಗುಡಿಗಳಲ್ಲಿ ಕಾಣುತ್ತದೆ. ಇಷ್ಟೆಲ್ಲ ಆದರವಿದ್ದರೂ ಕೊಳಲು ಬಹುಕಾಲ ಪಕ್ಕವಾದ್ಯವಾಗಿ, ದನಗಾಹಿಗಳ ಒಡನಾಡಿಯಾಗಿಯೇ ಉಳಿಯಿತು. ವೀಣೆಗೆ ಆಸ್ಥಾನಗಳಲ್ಲಿ ಸಿಕ್ಕ ಸ್ಥಾನ ಅದಕ್ಕೆ ಸಿಗಲಿಲ್ಲ.

ಕಿವಿಯಿಂದ ಕೊಳಲಿಗೆ

ಕರ್ನಾಟಕ ಸಂಗೀತದ ಕಚೇರಿಯಲ್ಲಿ ಕೊಳಲನ್ನು ಪ್ರಧಾನ ವಾದ್ಯವಾಗಿ ನಿಲ್ಲಿಸಿದ ಕೀರ್ತಿ ಕುಂಭಕೋಣದ ಶರಭ ಶಾಸ್ತ್ರಿಗಳದು (1872–1904). ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡ ಅವರು ಸಂಗೀತ ಕಲಿತದ್ದು ತ್ಯಾಗರಾಜರ ಶಿಷ್ಯರಾದ ಮಾನಾಂಬುಚಾವಡಿ ವೆಂಕಟಸುಬ್ಬಯ್ಯರ್ ಅವರಲ್ಲಿ. ಗುರು ಹಾಡಿದ್ದನ್ನು ಶರಭ ಶಾಸ್ತ್ರಿಗಳು ಕೇಳಿ ಮನನ ಮಾಡಿ ಕೊಳಲಿಗೆ ಇಳಿಸಿಕೊಂಡರು. ಬರೆದದ್ದನ್ನು ನೋಡುವ ಅವಕಾಶವೇ ಇಲ್ಲದ ಒಬ್ಬ ಕಲಾವಿದರಿಂದ ಕೊಳಲಿನ ಕಚೇರಿ ಪರಂಪರೆ ಆರಂಭವಾಯಿತೆಂಬುದು ಈ ವಾದ್ಯದ ಕಲಿಕೆ ಎಷ್ಟು ಕಿವಿಯನ್ನು ನಂಬಿದೆ ಎಂಬುದನ್ನು ತೋರಿಸುತ್ತದೆ. ಮೂವತ್ತೆರಡರ ವಯಸ್ಸಿಗೇ ಅವರು ತೀರಿಕೊಂಡರು. ಅವರ ಪದ್ಧತಿಯನ್ನು ಶಿಷ್ಯ ಪಲ್ಲಡಂ ಸಂಜೀವರಾಯರು (1882–1962) ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೆಳಗಿಸಿದರು.

ಮುಂದಿನ ತಿರುವು ತಂದವರು ಟಿ. ಆರ್. ಮಹಾಲಿಂಗಂ (1926–1986). ಸಂಗೀತಪ್ರಿಯರಿಗೆ ಅವರು ‘ಮಾಲಿ’. ತಿರುವಿಡೈಮರುದೂರಿನಲ್ಲಿ ಹುಟ್ಟಿದ ಮಾಲಿಯವರಿಗೆ ಕೊಳಲಿನ ಗುರುವೆಂದು ಯಾರೂ ಇರಲಿಲ್ಲ. ಮನೆಯಲ್ಲಿ ನಡೆಯುತ್ತಿದ್ದ ಹಾಡುಗಾರಿಕೆಯ ಪಾಠವನ್ನು ಕೇಳುತ್ತಾ ಅದನ್ನೇ ಕೊಳಲಿನಲ್ಲಿ ನುಡಿಸಿಕೊಂಡ ಬಾಲಕ, ಏಳನೆಯ ವಯಸ್ಸಿಗೆ 1933ರಲ್ಲಿ ಮದ್ರಾಸಿನ ಮೈಲಾಪುರದಲ್ಲಿ ಕಚೇರಿ ಮಾಡಿದರು. ಅದುವರೆಗೆ ಕೊಳಲಿನಲ್ಲಿ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತಿದ್ದವು. ಮಾಲಿ ಬೆರಳಿನ ಹಿಡಿತವನ್ನೇ ಬದಲಿಸಿ, ದಪ್ಪ ಗೋಡೆಯ ಬಿದಿರಿನ ಕೊಳಲನ್ನು ಬಳಸಿ, ಗಮಕಗಳನ್ನು ಹಾಡಿನಷ್ಟೇ ಸಹಜವಾಗಿ ತಂದರು. ಜೀವನದ ಕೆಲವು ವರ್ಷಗಳನ್ನು ಅವರು ಬೆಂಗಳೂರಿನಲ್ಲಿ ಕಳೆದದ್ದರಿಂದ ಕನ್ನಡ ನಾಡಿನ ಕೇಳುಗರಿಗೂ ಕಲಾವಿದರಿಗೂ ಆ ನಾದ ಹತ್ತಿರವಾಯಿತು. ಅವರ ಶಿಷ್ಯರಲ್ಲಿ ಎನ್. ರಮಣಿ, ಟಿ. ಎಸ್. ಶಂಕರನ್, ಪ್ರಪಂಚಂ ಸೀತಾರಾಂ ಪ್ರಮುಖರು. ರಮಣಿಯವರು ಉದ್ದ ಕೊಳಲನ್ನು ಕರ್ನಾಟಕ ಸಂಗೀತಕ್ಕೆ ತಂದರಲ್ಲದೆ, ಚೆನ್ನೈಯಲ್ಲಿ ಕೊಳಲಿಗೇ ಮೀಸಲಾದ ಶಾಲೆಯನ್ನು ನಡೆಸಿದರು. ಹೆಂಗಸರಿಗೆ ಊದುವ ವಾದ್ಯ ಸಲ್ಲದೆಂಬ ಭಾವನೆಯನ್ನು ಸಿಕ್ಕಿಲ್ ಸಹೋದರಿಯರಾದ ಕುಂಜುಮಣಿ ಮತ್ತು ನೀಲಾ ತಮ್ಮ ವಾದನದಿಂದಲೇ ಹುಸಿಯಾಗಿಸಿದರು.

ಹಾಸನ ಜಿಲ್ಲೆಯ ರುದ್ರಪಟ್ಟಣದಲ್ಲಿ 1978ರಲ್ಲಿ ಹುಟ್ಟಿದ ಶಶಾಂಕ್ ಸುಬ್ರಹ್ಮಣ್ಯಂ, ಸಂಗೀತಗಾರರ ಊರೆಂದು ಹೆಸರಾದ ಆ ಊರಿನ ಕೀರ್ತಿಗೆ ಕೊಳಲನ್ನು ಸೇರಿಸಿದರು. ಮಾಲಿಯವರಂತೆ ಅವರೂ ಬಾಲ್ಯದಲ್ಲೇ ವೇದಿಕೆ ಏರಿದವರು.

ಉತ್ತರದ ಬಾನ್ಸುರಿ

ಹಿಂದೂಸ್ತಾನಿ ಸಂಗೀತದಲ್ಲಿ ಬಾನ್ಸುರಿಗೆ ರಾಗಸಂಗೀತದ ಗೌರವ ತಂದವರು ಪನ್ನಾಲಾಲ್ ಘೋಷ್ (1911–1960). ಈಗ ಬಾಂಗ್ಲಾದೇಶದಲ್ಲಿರುವ ಬಾರಿಸಾಲಿನಲ್ಲಿ ಹುಟ್ಟಿದ ಅವರು, ಖಯಾಲಿನ ಮಂದ್ರ ಸಂಚಾರಕ್ಕೆ ಚಿಕ್ಕ ಕೊಳಲು ಸಾಲದೆಂದು ಕಂಡುಕೊಂಡು ಸುಮಾರು 32 ಇಂಚು ಉದ್ದದ ಬಾನ್ಸುರಿಯನ್ನು ರೂಪಿಸಿದರು. ತೀವ್ರ ಮಧ್ಯಮಕ್ಕಾಗಿ ಏಳನೆಯ ರಂಧ್ರವನ್ನು ಸೇರಿಸಿದರು. ಚಿತ್ರರಂಗದಲ್ಲಿ ಹೆಸರು ಮಾಡಿದ ಮೇಲೂ ಅವರು 1947ರಲ್ಲಿ ಅಲ್ಲಾವುದ್ದೀನ್ ಖಾನರ ಶಿಷ್ಯತ್ವ ಸ್ವೀಕರಿಸಿದರು.

ಈ ಪರಂಪರೆಯಲ್ಲಿ ಕರ್ನಾಟಕ ಕರಾವಳಿ ಮೂಲದ ಮನೆತನಗಳ ಪಾಲು ದೊಡ್ಡದು. ಘೋಷರ ಶಿಷ್ಯರೂ ಅಳಿಯಂದಿರೂ ಆದ ದೇವೇಂದ್ರ ಮುರ್ಡೇಶ್ವರ, ಇನ್ನೊಬ್ಬ ಶಿಷ್ಯ ನಿರಂಜನ ಹಳದೀಪುರ, ನಿರಂಜನರ ಮಗ ನಿತ್ಯಾನಂದ ಹಳದೀಪುರ ಇವರೆಲ್ಲ ಆ ಶೈಲಿಯನ್ನು ಉಳಿಸಿ ಬೆಳೆಸಿದವರು. ಧಾರವಾಡದಲ್ಲಿ ವೆಂಕಟೇಶ ಗೋಡ್ಖಿಂಡಿ ಬಾನ್ಸುರಿಯನ್ನು ಬೆಳೆಸಿದರು. ಅವರ ಮಗ ಪ್ರವೀಣ್ ಗೋಡ್ಖಿಂಡಿ ಇಂದು ನಾಡಿನಾಚೆಗೂ ಹೆಸರಾಗಿದ್ದಾರೆ.

ನಿತ್ಯಾನಂದ ಹಳದೀಪುರ ಮತ್ತು ಹರಿಪ್ರಸಾದ್ ಚೌರಾಸಿಯಾ ಇಬ್ಬರಿಗೂ ಗುರುವಾದ ಅನ್ನಪೂರ್ಣಾ ದೇವಿ ಸುರ್‌ಬಹಾರ್ ವಾದಕಿ. ಅವರು ಕೊಳಲನ್ನು ನುಡಿಸುತ್ತಿರಲಿಲ್ಲ. ಹಾಡಿ ಹೇಳಿಕೊಡುತ್ತಿದ್ದರು, ಶಿಷ್ಯರು ಅದನ್ನು ಬಾನ್ಸುರಿಯಲ್ಲಿ ಹುಡುಕಿಕೊಳ್ಳಬೇಕಿತ್ತು. ಕೊಳಲನ್ನೇ ಮುಟ್ಟದ ಗುರು ದೊಡ್ಡ ಕೊಳಲು ವಾದಕರನ್ನು ರೂಪಿಸಬಲ್ಲರು, ಏಕೆಂದರೆ ಪಾಠದ ತಿರುಳು ಬೆರಳು ತೋರಿಸುವುದರಲ್ಲಿಲ್ಲ, ಕೇಳಿ ತಿದ್ದುವುದರಲ್ಲಿದೆ.

ಲಿಪಿ, ಶಾಲೆ, ಪರೀಕ್ಷೆ

ಹತ್ತೊಂಬತ್ತನೆಯ ಶತಮಾನದವರೆಗೆ ಪಾಠವೆಂದರೆ ಗುರುವಿನ ಮನೆಯಲ್ಲಿದ್ದು, ಮನೆಗೆಲಸ ಮಾಡಿಕೊಂಡು, ಗುರು ಹಾಡಿದಾಗ ಕೇಳಿ, ಗುರು ಹೇಳಿದಾಗ ನುಡಿಸುವುದು. ಯಾವ ಶಿಷ್ಯನಿಗೆ ಯಾವ ಪಾಠ, ಎಷ್ಟು ವೇಗ ಎಂಬುದು ಗುರುವಿನ ಎಣಿಕೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎರಡು ಬದಲಾವಣೆಗಳು ಬಂದವು. 1901ರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ಶುಲ್ಕ, ಪಠ್ಯಕ್ರಮ ಮತ್ತು ಪರೀಕ್ಷೆಗಳುಳ್ಳ ಸಂಗೀತಶಾಲೆಗೆ ದಾರಿ ಮಾಡಿದರು. 1904ರಲ್ಲಿ ಎಟ್ಟಯಪುರದ ಸುಬ್ಬರಾಮ ದೀಕ್ಷಿತರು ಸಂಗೀತ ಸಂಪ್ರದಾಯ ಪ್ರದರ್ಶಿನಿಯನ್ನು ಪ್ರಕಟಿಸಿ, ಗಮಕಗಳಿಗೂ ಚಿಹ್ನೆಗಳಿರುವ ಸ್ವರಲಿಪಿಯಲ್ಲಿ ಕೃತಿಗಳನ್ನು ಮುದ್ರಿಸಿದರು.

ಕರ್ನಾಟಕದಲ್ಲಿ 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಲಲಿತಕಲೆಗಳ ಕಾಲೇಜನ್ನು ಆರಂಭಿಸಿತು. ಸರ್ಕಾರ ನಡೆಸುತ್ತಿದ್ದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಊರೂರಿನ ಸಂಗೀತ ಶಾಲೆಗಳಿಗೆ ಒಂದು ಅಳತೆಗೋಲನ್ನು ಕೊಟ್ಟವು. 2009ರಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ಮೈಸೂರಿನಲ್ಲಿ ಸ್ಥಾಪನೆಯಾಯಿತು.

ಶಾಲೆಯ ಕ್ರಮ ಕೊಳಲನ್ನು ಜನಸಾಮಾನ್ಯರ ಮಕ್ಕಳಿಗೂ ದೊರಕಿಸಿತು. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಬಳಿಕ ಪುರಂದರದಾಸರ ಪಿಳ್ಳಾರಿ ಗೀತೆಗಳು, ಸ್ವರಜತಿ, ವರ್ಣ, ಕೃತಿ ಎಂಬ ಮೆಟ್ಟಿಲುಗಳು ಎಲ್ಲರಿಗೂ ಒಂದೇ ಆದವು. ಕಷ್ಟ ಬಂದದ್ದು ಗುಂಪಿನ ಪಾಠದಲ್ಲಿ. ಹತ್ತು ಕೊಳಲುಗಳು ಒಟ್ಟಿಗೆ ಊದಿದಾಗ ಯಾರ ಗಾಂಧಾರ ಇಳಿದಿದೆ, ಯಾರ ಉಸಿರು ಸೋರುತ್ತಿದೆ ಎಂದು ಗುರುತಿಸುವುದು ಎಂಥ ಗುರುವಿಗೂ ಕಷ್ಟ. ಸ್ವರಲಿಪಿ ಸಾಹಿತ್ಯವನ್ನೂ ತಾಳವನ್ನೂ ಉಳಿಸಿತು, ಆದರೆ ತೋಡಿ ರಾಗದ ಗಾಂಧಾರ ಎಷ್ಟು ಅಲುಗಬೇಕೆಂಬುದನ್ನು ಕಾಗದ ಹೇಳಲಾರದು.

ಧ್ವನಿಮುದ್ರಣ, ಬಾನುಲಿ, ಶ್ರುತಿಪೆಟ್ಟಿಗೆ

ಭಾರತದಲ್ಲಿ ಗ್ರಾಮಫೋನ್ ಮುದ್ರಣ 1902ರಲ್ಲಿ ಆರಂಭವಾಯಿತು. 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಅದರ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಗೇ ಹೆಸರಾಯಿತು. 1950ರಲ್ಲಿ ಧಾರವಾಡ ನಿಲಯ ಆರಂಭವಾಯಿತು. ನಿಲಯದ ಕಲಾವಿದರೆಂಬ ಹುದ್ದೆ ಹಲವು ಕೊಳಲು ವಾದಕರಿಗೆ ಬದುಕು ಕೊಟ್ಟಿತು. ಪನ್ನಾಲಾಲ್ ಘೋಷರೂ ಕೊನೆಯ ವರ್ಷಗಳಲ್ಲಿ ದೆಹಲಿ ಆಕಾಶವಾಣಿಯ ವಾದ್ಯವೃಂದವನ್ನು ನಡೆಸಿದರು. ಬಾನುಲಿಯ ಕಚೇರಿಗಳಿಂದ, ಸಂಗೀತ ಪಾಠದ ಪ್ರಸಾರಗಳಿಂದ ಹಳ್ಳಿಯ ಹುಡುಗನಿಗೂ ದೊಡ್ಡವರ ನಾದ ಕೇಳಿಸಿತು. ಆದರೆ ಅವನ ನಾದ ಯಾರಿಗೂ ಕೇಳಿಸಲಿಲ್ಲ. ಗ್ರಾಮಫೋನ್, ಬಾನುಲಿ ಎರಡೂ ಒಮ್ಮುಖದ ಪಾಠಗಳು.

ಈ ಮಿತಿಯನ್ನು ಮೊದಲು ದಾಟಿದ್ದು ಟೇಪ್‌ರೆಕಾರ್ಡರ್. ಕ್ಯಾಸೆಟ್ಟು ಅಗ್ಗವಾದ ಮೇಲೆ ಶಿಷ್ಯರು ಪಾಠವನ್ನು ಮುದ್ರಿಸಿಕೊಂಡು ಮನೆಯಲ್ಲಿ ಮತ್ತೆ ಮತ್ತೆ ಕೇಳಿದರು. ಅದಕ್ಕಿಂತ ಹೆಚ್ಚಿನ ಲಾಭವೆಂದರೆ ತಾವು ನುಡಿಸಿದ್ದನ್ನೇ ಮುದ್ರಿಸಿ ಹೊರಗಿನವರಂತೆ ಕೇಳುವುದು ಸಾಧ್ಯವಾಯಿತು. ಹೊರದೇಶಕ್ಕೆ ಹೋದವರಿಗೆ ಗುರುಗಳು ಪಾಠದ ಕ್ಯಾಸೆಟ್ಟುಗಳನ್ನು ಕಳುಹಿಸುವ ರೂಢಿಯೂ ಬೆಳೆಯಿತು. ಗುರುಗಳೇ ವಿದೇಶಗಳಿಗೆ ಹೋಗಿ ಕಲಿಸಿದ ಉದಾಹರಣೆಗಳೂ ಇವೆ. ವೀಣಾ ಧನಮ್ಮಾಳ್ ಅವರ ಮೊಮ್ಮಗ, ಕೊಳಲು ವಿದ್ವಾಂಸ ಟಿ. ವಿಶ್ವನಾಥನ್ (1927–2002) ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಕಲಿಸಿದರು. ಚೌರಾಸಿಯಾ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ಸಂಗೀತ ವಿದ್ಯಾಲಯದಲ್ಲಿ ಬಾನ್ಸುರಿ ವಿಭಾಗವನ್ನು ಕಟ್ಟಿದರು.

ಒಂಟಿಯಾಗಿ ಅಭ್ಯಾಸ ಮಾಡುವವರಿಗೆ ದೊಡ್ಡ ನೆರವು ಬೆಂಗಳೂರಿನಿಂದ ಬಂತು. ಎಂಜಿನಿಯರರೂ ಕೊಳಲು ವಾದಕರೂ ಆದ ಜಿ. ರಾಜನಾರಾಯಣ್ 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆ ಮುಂದೆ ಎಲೆಕ್ಟ್ರಾನಿಕ್ ತಂಬೂರಿ, ತಾಳಯಂತ್ರಗಳನ್ನೂ ತಂದಿತು. ಕೊಳಲು ಹಿಡಿದವನ ಎರಡು ಕೈಗಳಿಗೂ ಬಾಯಿಗೂ ಬಿಡುವಿಲ್ಲ. ತಂಬೂರಿ ಮೀಟಲು ಇನ್ನೊಬ್ಬರು ಬೇಕಾಗಿದ್ದ ಕಾಲ ಈ ಯಂತ್ರಗಳೊಂದಿಗೆ ಮುಗಿಯಿತು. ಇಂದು ಕೈಫೋನಿನ ಶ್ರುತಿ ಆ್ಯಪ್‌ಗಳು ಮಾಡುತ್ತಿರುವುದು ಅದೇ ಕೆಲಸವನ್ನು.

ಅಂತರ್ಜಾಲದಲ್ಲಿ ಒಬ್ಬೊಬ್ಬರ ಪಾಠ

ಭಾರತದಲ್ಲಿ ಸಾರ್ವಜನಿಕ ಅಂತರ್ಜಾಲ ಸೇವೆ ಆರಂಭವಾದದ್ದು 1995ರ ಆಗಸ್ಟ್ 15ರಂದು. 2003ರಲ್ಲಿ ಬಂದ ಸ್ಕೈಪ್ ದೂರದೇಶದ ಮಾತನ್ನು ಅಗ್ಗವಾಗಿಸಿತು. ಚಿತ್ರವೂ ಸೇರಿದ ಮೇಲೆ ಸಂಗೀತ ಪಾಠ ಅದರಲ್ಲಿ ನೆಲೆ ಕಂಡಿತು. ಮೊದಲ ಶಿಷ್ಯರು ಬಹುಪಾಲು ಅಮೆರಿಕದಲ್ಲಿ ನೆಲೆಸಿದ ಭಾರತೀಯರ ಮಕ್ಕಳು. ಬೆಂಗಳೂರಿನಲ್ಲಿ ಭಾನುವಾರ ಬೆಳಗಿನ ಏಳು ಗಂಟೆಯಾದಾಗ ಕ್ಯಾಲಿಫೋರ್ನಿಯಾದಲ್ಲಿ ಶನಿವಾರದ ಸಂಜೆ. ಗುರುಗಳ ಪ್ರಾತಃಕಾಲ ಶಿಷ್ಯರ ಬಿಡುವಿನ ಹೊತ್ತಿಗೆ ಹೊಂದಿಕೊಂಡದ್ದು ಈ ಪಾಠಗಳಿಗೆ ಅನುಕೂಲವಾಯಿತು. 2005ರಲ್ಲಿ ಬಂದ ಯೂಟ್ಯೂಬ್ ಕೇಳ್ಮೆಯ ಭಂಡಾರವನ್ನು ತೆರೆಯಿತು. 2016ರ ಬಳಿಕ ಮೊಬೈಲ್ ದತ್ತಾಂಶದ ಬೆಲೆ ಕುಸಿದದ್ದರಿಂದ, ಕೊಳಲು ಕಲಿಸುವವರೇ ಇಲ್ಲದ ಸಣ್ಣ ಊರುಗಳ ಮಕ್ಕಳೂ ಬೆಂಗಳೂರು, ಚೆನ್ನೈ, ಮುಂಬೈಗಳ ಗುರುಗಳನ್ನು ತಲುಪಿದರು.

ಮೊದಲೇ ವಿಡಿಯೊದಲ್ಲಿ ಮುದ್ರಿಸಿಟ್ಟ ಪಾಠಮಾಲೆ ಮತ್ತು ಒಬ್ಬೊಬ್ಬರಿಗೆ ಹೇಳಿಕೊಡುವ ಪಾಠ ಎರಡೂ ಆನ್‌ಲೈನ್ ಪಾಠವೆಂದೇ ಕರೆಸಿಕೊಂಡರೂ ಅವುಗಳ ವಂಶ ಬೇರೆ. ಮುದ್ರಿತ ಪಾಠಮಾಲೆ ಬಾನುಲಿಯ ಸಂತತಿ. ಅಲ್ಲಿ ಶಿಷ್ಯನ ನಾದವನ್ನು ಕೇಳುವವರಿಲ್ಲ. ಒಬ್ಬೊಬ್ಬರ ಪಾಠ ಗುರುಮನೆಯ ಸಂತತಿ. ಶಾಲೆಯ ಗುಂಪಿನಲ್ಲಿ ಕರಗಿಹೋಗಿದ್ದ, ಒಬ್ಬ ಗುರು ಒಬ್ಬ ಶಿಷ್ಯನನ್ನೇ ಕೇಳುವ ಕ್ರಮ ಇಲ್ಲಿ ಮರಳಿ ಬಂತು.

2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಯಾದಾಗ, ಅದುವರೆಗೆ ಪರದೆಯ ಪಾಠವನ್ನು ಒಪ್ಪದಿದ್ದ ಹಿರಿಯ ಗುರುಗಳಿಗೂ ಬೇರೆ ದಾರಿ ಉಳಿಯಲಿಲ್ಲ. ಝೂಮ್, ಗೂಗಲ್ ಮೀಟ್, ವಾಟ್ಸ್‌ಆ್ಯಪ್ ಕರೆಗಳಲ್ಲಿ ಪಾಠ ನಡೆಯಿತು. ಆ ವರ್ಷ ಚೆನ್ನೈಯ ಡಿಸೆಂಬರ್ ಸಂಗೀತೋತ್ಸವದ ಕಚೇರಿಗಳೂ ಪರದೆಗೇ ಬಂದವು. ನಿರ್ಬಂಧ ಸಡಿಲವಾದ ಮೇಲೆ ಹಲವರು ನೇರ ಪಾಠಕ್ಕೆ ಮರಳಿದರು, ಆದರೆ ದೂರದ ಶಿಷ್ಯರು ಪರದೆಯಲ್ಲೇ ಮುಂದುವರಿದರು. ಈ ಪದ್ಧತಿಗೆ ಬಾಗಿಲು ತೆರೆದ ಸ್ಕೈಪ್ 2025ರ ಮೇ ತಿಂಗಳಲ್ಲಿ ಸ್ಥಗಿತಗೊಂಡಿತು. ಅಷ್ಟರಲ್ಲಿ ಪದ್ಧತಿ ಬೇರೂರಿತ್ತು.

ದೂರದ ಪಾಠದ ಕ್ರಮ ಮತ್ತು ಮಿತಿ

ದೂರದ ಪಾಠದ ಮೊದಲ ತೊಡಕು ಕಾಲವಿಳಂಬ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ದೂರ ಸುಮಾರು 14,000 ಕಿಲೋಮೀಟರ್. ಎಂದರೆ ಒಂದು ದಿಕ್ಕಿಗೇ ಕನಿಷ್ಠ 70 ಮಿಲಿಸೆಕೆಂಡ್ ಬೇಕು, ಯಂತ್ರಗಳ ಸಂಸ್ಕರಣೆ ಸೇರಿದರೆ ಇನ್ನೂ ಹೆಚ್ಚು. ಇಬ್ಬರು ಒಟ್ಟಿಗೆ ನುಡಿಸಿ ತಾಳ ಕೆಡದಿರಲು ವಿಳಂಬ 25ರಿಂದ 30 ಮಿಲಿಸೆಕೆಂಡ್ ದಾಟಬಾರದು. ಆದ್ದರಿಂದ ಗುರುವಿನ ಜೊತೆಜೊತೆಗೇ ಊದುವುದು ಪರದೆಯ ಪಾಠದಲ್ಲಿ ಆಗದು. ಗುರು ಒಂದು ಸಾಲು ನುಡಿಸಿ ನಿಲ್ಲಿಸುತ್ತಾರೆ, ಶಿಷ್ಯ ಅದನ್ನು ಒಬ್ಬನೇ ನುಡಿಸಿ ತೋರಿಸುತ್ತಾನೆ. ಇದರಿಂದ ಒಂದು ಒಳಿತೂ ಆಗಿದೆ. ಜೊತೆಯಲ್ಲಿ ನುಡಿಸುವಾಗ ಗುರುವಿನ ನಾದದ ಮರೆಯಲ್ಲಿ ಅಡಗುತ್ತಿದ್ದ ಅಪಶ್ರುತಿ ಇಲ್ಲಿ ಬೆತ್ತಲಾಗಿ ಕೇಳುತ್ತದೆ.

ಎರಡನೆಯ ತೊಡಕು ನಾದದ್ದು. ಕರೆಯ ತಂತ್ರಾಂಶಗಳನ್ನು ಮಾಡಿರುವುದು ಮಾತಿಗಾಗಿ. ಒಂದೇ ಸಮನೆ ನಿಲ್ಲುವ ದನಿಯನ್ನು ಅವು ಫ್ಯಾನಿನ ಸದ್ದಿನಂತೆ ಗದ್ದಲವೆಂದು ಭಾವಿಸಿ ಅಳಿಸಿಬಿಡುತ್ತವೆ. ಕೊಳಲಿನ ದೀರ್ಘ ಷಡ್ಜ ನಡುವೆ ಕತ್ತರಿಸಿಹೋಗುತ್ತದೆ, ತಂಬೂರಿಯ ನಾದ ಪೂರ್ತಿ ಮಾಯವಾಗುತ್ತದೆ, ಜೋರು ಮೆದುವಿನ ಭೇದ ಮಟ್ಟಸವಾಗಿಬಿಡುತ್ತದೆ. ಗದ್ದಲ ಅಳಿಸುವ ಸೌಕರ್ಯವನ್ನು ನಿಲ್ಲಿಸಿ, ಮೂಲ ಧ್ವನಿಯನ್ನು ಹಾಗೆಯೇ ಕಳುಹಿಸುವ ಆಯ್ಕೆಯನ್ನು ತೆರೆದಿಡುವುದು ಈಗ ಪಾಠದ ಮೊದಲ ಕೆಲಸ. ಶ್ರುತಿಯನ್ನು ಶಿಷ್ಯ ತನ್ನ ಕೋಣೆಯಲ್ಲೇ ಹಾಕಿಕೊಳ್ಳುತ್ತಾನೆ. ಕೊಳಲಿನ ಮುಂದೆ ನೇರವಾಗಿ ಮೈಕ್ ಇಟ್ಟರೆ ಉಸಿರಿನ ಸದ್ದೇ ಹೆಚ್ಚಾಗುವುದರಿಂದ ಅದನ್ನು ತುಸು ಓರೆಯಾಗಿ ಇಡುತ್ತಾರೆ. ಕ್ಯಾಮೆರಾ ಒಮ್ಮೆ ತುಟಿಯ ಕಡೆಗೆ, ಒಮ್ಮೆ ಬೆರಳುಗಳ ಕಡೆಗೆ ತಿರುಗುತ್ತದೆ.

ವಾರದ ಪಾಠಗಳ ನಡುವೆ ಶಿಷ್ಯ ಅಭ್ಯಾಸವನ್ನು ಮುದ್ರಿಸಿ ಕಳುಹಿಸುತ್ತಾನೆ. ಗುರು ಬಿಡುವಾದಾಗ ಕೇಳಿ ದನಿ ಸಂದೇಶದಲ್ಲಿ ತಿದ್ದುತ್ತಾರೆ. ಸ್ವರದ ಏರಿಳಿತವನ್ನು ಗೆರೆಯಾಗಿ ತೋರಿಸುವ ಆ್ಯಪ್‌ಗಳೂ ಬಳಕೆಗೆ ಬಂದಿವೆ. ನಿಲುಸ್ವರಗಳ ಅಭ್ಯಾಸಕ್ಕೆ ಅವು ಉಪಯುಕ್ತ. ಗಮಕದಲ್ಲಿ ಮಾತ್ರ ಸಂಖ್ಯೆ ಸರಿಯಿದ್ದರೂ ರಾಗದ ಭಾವ ಬಾರದಿರಬಹುದು; ಅದನ್ನು ಹೇಳಬಲ್ಲದ್ದು ಸಂಗೀತದಲ್ಲಿ ಪಳಗಿದ ಕಿವಿಯೊಂದೇ.

ಪರದೆಗೆ ದಕ್ಕದ ಸಂಗತಿಗಳೂ ಇವೆ. ಮೊಟ್ಟಮೊದಲ ನಾದ ಹೊರಡಿಸುವಾಗ ಗುರು ಕೊಳಲನ್ನು ಶಿಷ್ಯನ ತುಟಿಗೆ ಇರಿಸಿ ಕೋನವನ್ನು ಕೈಯಿಂದಲೇ ತಿದ್ದುವಷ್ಟು ಸುಲಭ ಮಾರ್ಗ ಇನ್ನೊಂದಿಲ್ಲ. ಕೊಳಲಿನ ಆಯ್ಕೆಯೂ ಹಾಗೆಯೇ. ಬಿದಿರಿನ ದಪ್ಪ, ಶ್ರುತಿ, ಶಿಷ್ಯನ ಬೆರಳಿನ ಚಾಚು ಇವನ್ನು ಕೈಯಲ್ಲಿ ಹಿಡಿದು ನೋಡಬೇಕು. ಚಳಿಯ ಒಣಹವೆಯ ದೇಶಗಳಲ್ಲಿ ಬಿದಿರು ಸೀಳುವುದುಂಟು, ಅಲ್ಲಿ ಅದನ್ನು ಜೋಪಾನ ಮಾಡುವ ಬಗೆಯನ್ನೂ ಕಲಿಯಬೇಕು. ಮೃದಂಗ, ಪಿಟೀಲುಗಳೊಂದಿಗೆ ಕುಳಿತು ನುಡಿಸುವ ಕಚೇರಿ ಧರ್ಮ ವೇದಿಕೆಯ ಮೇಲೆಯೇ ಬರಬೇಕಾದದ್ದು. ಆದ್ದರಿಂದಲೇ ಹಲವು ಗುರುಗಳು ದೂರದ ಶಿಷ್ಯರನ್ನು ರಜೆಯಲ್ಲಿ ಊರಿಗೆ ಕರೆಸಿಕೊಂಡು ಕೆಲವು ವಾರ ಎದುರಿನಲ್ಲೇ ಪಾಠ ಹೇಳುತ್ತಾರೆ.

ಕೊಳಲು ಕಲಿಯಬೇಕೆನ್ನುವವರು ಈ ಚರಿತ್ರೆಯಿಂದ ತಿಳಿಯಬೇಕಾದದ್ದು ಇಷ್ಟು. ಪಾಠ ಗುರುಮನೆಯಲ್ಲಿ ನಡೆಯಲಿ, ಪರದೆಯಲ್ಲಿ ನಡೆಯಲಿ, ತಮ್ಮ ಊದುವಿಕೆಯನ್ನು ಕೇಳಿ ತಿದ್ದುವ ಒಬ್ಬ ಗುರು ಇದ್ದಾರೆಯೇ ಎಂಬುದನ್ನು ಮೊದಲು ನೋಡಬೇಕು. ಆ ಗುರು ಸಿಕ್ಕರೆ ದೂರ ದೊಡ್ಡ ಅಡ್ಡಿಯಲ್ಲ. ಸಿಗದಿದ್ದರೆ ಎಷ್ಟು ಮುದ್ರಿತ ಪಾಠಗಳಿದ್ದರೂ ಸಾಲದು.